ಮನೆ ವಿಮೆ ನವೀಕರಣ: ಹಳೇ ಅಳತೆ ಹಾಗೇ ಹಾಕಬಹುದಾ?

ವಾಟ್ಸಾಪ್ ಗುಂಪು: ದೊಡ್ಡಮನೆ, ತೀರ್ಥಹಳ್ಳಿ

ಅಣ್ಣ, ಬೆಳಿಗ್ಗೆ 7:42
[ಪಿಡಿಎಫ್: ಭಾರತ್ ಗೃಹ ರಕ್ಷಾ ನವೀಕರಣ ಅರ್ಜಿ]
ಮನೆ ಪಾಲಿಸಿ ಈ 28ಕ್ಕೆ ಮುಗಿಯುತ್ತೆ. 2022ರ ಫಾರಂನಲ್ಲಿ ಇದ್ದದ್ದನ್ನೇ ತುಂಬಿದೀನಿ. 110 ಚದರ ಮೀಟರ್, ಆರ್‌ಸಿಸಿ ಚಾವಣಿ, ಕಟ್ಟಿದ ವರ್ಷ 2005, ವಾಸಕ್ಕೆ ಮಾತ್ರ. ಎಲ್ಲರದ್ದೂ ಮನೆ, ಒಮ್ಮೆ ನೋಡಿ. ಸಂಜೆ ಕಳಿಸ್ತೀನಿ.

ಚಿಕ್ಕಪ್ಪ, 7:55
ಸರಿ ಇದೆ. ಕಳ್ಸು.

ಅಕ್ಕ (ಬೆಂಗಳೂರು), 8:10
ಅಣ್ಣ, ಕಳಿಸಬೇಡ. ಒಂದು ಸಾಲೂ ಸರಿ ಇಲ್ಲ. 2005 ಹಿಂದಿನ ಆರ್‌ಸಿಸಿ ಭಾಗ ಕಟ್ಟಿದ ವರ್ಷ. ಮುಂದಿನ ಮನೆ ಅಜ್ಜ ಕಟ್ಟಿಸಿದ್ದು, ಮಂಗಳೂರು ಹೆಂಚು, ಮಣ್ಣಿನ ಗೋಡೆ. 2023ರಲ್ಲಿ ಹಿಂದಿನ ಟೆರೇಸ್ ಮೇಲೆ ಕಟ್ಟಿದ ಶೀಟ್ ಚಾವಣಿಯ ರೂಮು ಎಲ್ಲಿ?

ಚಿಕ್ಕಪ್ಪ, 8:21
ಆ ರೂಮು ಪಂಚಾಯಿತಿಯ ಆಸ್ತಿ ದಾಖಲೆ, ನಮೂನೆ 9-11ರಲ್ಲೇ ಇಲ್ಲ. ವಿಮೆ ಫಾರಂನಲ್ಲಿ ಯಾಕೆ ಬರೀಬೇಕು? ಇನ್ನೊಂದು ಕೇಳಿ, ನಾನು ಬ್ಯಾಂಕಲ್ಲಿ ಇದನ್ನೇ ನೋಡಿದವನು. 2021ರ ಏಪ್ರಿಲ್ 1ರಿಂದ ಬಂದ ಈ ಪಾಲಿಸಿಯಲ್ಲಿ ಕಡಿಮೆ ವಿಮೆಗೆ ಕಡಿತ ಇಲ್ಲ. ಮೊದಲಾದರೆ 60 ಲಕ್ಷದ ಮನೆಗೆ 40 ಲಕ್ಷ ವಿಮೆ ಮಾಡಿಸಿ 9 ಲಕ್ಷ ಹಾನಿಯಾದರೆ 6 ಲಕ್ಷ ಕೊಡ್ತಿದ್ರು. ಈಗ ಪೂರ್ತಿ 9 ಕೊಡಬೇಕು. ಹಾಗಿದ್ದ ಮೇಲೆ ಅಳತೆ ಕಡಿಮೆ ಬರೆದರೆ ನಷ್ಟ ಏನು?

ಭಾವ (ಶಿವಮೊಗ್ಗ), 8:47
ಮಾವ, ನೀವು ಹೇಳಿದ ಲೆಕ್ಕ ಸರಿ. ಆದ್ರೆ ಆ ವಿನಾಯಿತಿ ಇರೋದು ಮೊತ್ತದ ತಪ್ಪಿಗೆ. ಮನೆಯನ್ನೇ ತಪ್ಪಾಗಿ ವಿವರಿಸಿದರೆ ಅದು ಕಾಪಾಡಲ್ಲ. ವಿಮೆ ಸರ್ವೇಯರ್ ಆಗಿ, ಅಂದ್ರೆ ಹಾನಿ ಅಂದಾಜು ಮಾಡೋರಾಗಿ, ನಾವು ಮೊದಲು ನೋಡೋದೇ, ಪಾಲಿಸಿಯಲ್ಲಿ ಬರೆದ ಮನೆಯೂ ಕಣ್ಣೆದುರಿಗಿರೋ ಮನೆಯೂ ಒಂದೇನಾ ಅಂತ.

ಈ ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿ ತೆಗೆದು ನೋಡಿ. ಪಾಲಿಸಿ ಶುರುವಾದ ದಿನ ಅಥವಾ ನವೀಕರಣದ ದಿನ ಇದ್ದ ಕಾರ್ಪೆಟ್ ಏರಿಯಾಕ್ಕಿಂತ (ಮನೆಯೊಳಗಿನ ನೆಲದ ಅಳತೆ) ಶೇ 10ಕ್ಕೂ ಹೆಚ್ಚು ಸೇರಿಸಿ ಕಟ್ಟಿ, ಅದಕ್ಕೆ ಹೆಚ್ಚಿನ ಪ್ರೀಮಿಯಂ ಕಟ್ಟದೆ, ಪಾಲಿಸಿಯಲ್ಲಿ ನಮೂದು ಮಾಡಿಸದೆ ಇದ್ದರೆ, ಹಾಗೆ ಸೇರಿಸಿದ ಭಾಗಕ್ಕೆ ಪರಿಹಾರ ಇಲ್ಲ. ಅಂದ್ರೆ ಮೇಲಿನ ರೂಮಿಗೆ 2023ರಿಂದ ಇವತ್ತಿನವರೆಗೆ ರಕ್ಷಣೆಯೇ ಇರಲಿಲ್ಲ. ಈಗ ನವೀಕರಣದಲ್ಲೂ ಬಿಟ್ಟರೆ ಅದು ಗೊತ್ತಿದ್ದೂ ಮುಚ್ಚಿಟ್ಟಂತೆ. ಮೋಸಕ್ಕೆ ಅಂತಲೇ ಮುಖ್ಯ ಸಂಗತಿ ಮುಚ್ಚಿಟ್ಟದ್ದು ಸಾಬೀತಾದರೆ ಪಾಲಿಸಿಯನ್ನೇ ರದ್ದು ಮಾಡೋ ಅಧಿಕಾರ ಕಂಪನಿಗೆ ಇದೆ, ಕಟ್ಟಿದ ಪ್ರೀಮಿಯಮ್ಮೂ ಹೋಗುತ್ತೆ.

ಅಣ್ಣ, 8:52
ಆ ರೂಮು ಶೇ 10 ದಾಟುತ್ತಾ? 260 ಚದರ ಅಡಿ ಅಷ್ಟೆ.

ಅಕ್ಕ (ಬೆಂಗಳೂರು), 9:20
ಲೆಕ್ಕ ಹಾಕಿದೆ. ಮನೆ ರಿಪೇರಿ ಮಾಡಿಸುವಾಗ ಮಾಡಿದ ನಕ್ಷೆ ನನ್ನ ಹತ್ರ ಇದೆ.

ಈ ಪಾಲಿಸಿಯಲ್ಲಿ ಕಾರ್ಪೆಟ್ ಏರಿಯಾಕ್ಕೆ ಅದರದ್ದೇ ವ್ಯಾಖ್ಯೆ ಇದೆ. ಹೊರಗೋಡೆ ಲೆಕ್ಕಕ್ಕಿಲ್ಲ, ಒಳಗಿನ ಅಡ್ಡಗೋಡೆ ಸೇರುತ್ತೆ. ಜಗಲಿ, ಬಾಲ್ಕನಿ, ಗಾಡಿ ನಿಲ್ಲಿಸೋ ಜಾಗಕ್ಕೆ ಕಾಲು ಭಾಗ ಮಾತ್ರ. ಅದೇ ಜಾಗದಲ್ಲಿರೋ ಬೇರೆ ಮುಚ್ಚಿದ ಕಟ್ಟಡ ಪೂರ್ತಿ ಸೇರುತ್ತೆ. ಹಳೇ ಮನೆ ಗೋಡೆ ಒಂದೂವರೆ ಅಡಿ ದಪ್ಪ, ಹಾಗಾಗಿ ಹೊರಗಿಂದ ಟೇಪ್ ಹಿಡಿದ್ರೆ ಸುಳ್ಳು ಅಂಕಿ ಬರುತ್ತೆ. ಪಂಚಾಯಿತಿ ಕಂದಾಯದ ಅಳತೆಯನ್ನೂ ಇಲ್ಲಿಗೆ ತರಬಾರದು.

ಮನೆ ಒಳಗೆ 1,290 ಚದರ ಅಡಿ = 120 ಚದರ ಮೀಟರ್
ಜಗಲಿ 320 ಚದರ ಅಡಿ, ಕಾಲು ಭಾಗ 80 = 7.4
ಬಚ್ಚಲುಮನೆ, ಉಗ್ರಾಣ 215 = 20
ಇಲ್ಲಿಗೆ 147.4. ಮೇಲಿನ ರೂಮು 24. ಶೇ 16 ಆಯ್ತು.
ಒಟ್ಟು 171.4 ಚದರ ಮೀಟರ್. ನೀನು ಬರೆದಿರೋದು 110.

ಕಟ್ಟೋ ಖರ್ಚು ಚದರ ಮೀಟರಿಗೆ 24,000 ಅಂತ ಇಟ್ಟುಕೊಂಡರೂ ವಿಮಾ ಮೊತ್ತ 41.14 ಲಕ್ಷ ಬರುತ್ತೆ. ನಿನ್ನ ಫಾರಂ ಪ್ರಕಾರ 26.4 ಲಕ್ಷ. ಮನೆ ಪೂರ್ತಿ ಹೋದರೆ ಕಡಿತ ಇಲ್ಲ ಅಂದರೂ ಸಿಗೋದು ಹೆಚ್ಚುಕಡಿಮೆ ಆ 26.4ರಷ್ಟೇ. ಮನೆ ಸಾಮಾನಿಗೆ ತಾನಾಗೇ ಸಿಗೋ ರಕ್ಷಣೆ ಕಟ್ಟಡದ ಮೊತ್ತದ ಶೇ 20, ಗರಿಷ್ಠ 10 ಲಕ್ಷ. ಅದೂ 8.23 ಲಕ್ಷ ಇರಬೇಕಾದದ್ದು 5.28ಕ್ಕೆ ಇಳಿಯುತ್ತೆ.

ಚಿಕ್ಕಪ್ಪ, 9:34
ಪ್ರೀಮಿಯಂ ಒಂದೂವರೆ ಪಟ್ಟು ಆಯ್ತಲ್ಲ. ಅದೂ ಅಲ್ದೆ ಪಾಲಿಸಿ ಕೊಡುವಾಗ ಯಾರೂ ಬಂದು ನೋಡಿಲ್ಲ. ಅವರಿಗೆ ಹೆಂಚೋ ಆರ್‌ಸಿಸಿಯೋ ಏನು ಗೊತ್ತು? ಹೆಂಚು ಅಂದ್ರೆ ಕಚ್ಚಾ ಮನೆ ಅಂತ ಕೊಡೋದೇ ಇಲ್ಲ ಅಂದ್ರೆ?

ಭಾವ (ಶಿವಮೊಗ್ಗ), 9:58
ಯಾರೂ ಬಂದು ನೋಡಿಲ್ಲ ಅಂತಲೇ ಹೆಚ್ಚು ಎಚ್ಚರ ಬೇಕು ಮಾವ. ಕಂಪನಿ ನಂಬಿರೋದು ನಮ್ಮ ಫಾರಂ ಒಂದನ್ನೇ. ನೋಡೋಕೆ ಬರೋದು ಹಾನಿ ಆದ ಮೇಲೆ, ಆಗ ಟೇಪು, ಕ್ಯಾಮೆರಾ ಎರಡೂ ತರ್ತಾರೆ.

ಹೆಂಚಿನ ಮನೆ ಕಚ್ಚಾ ಅಲ್ಲ. ಗೋಡೆ ಅಥವಾ ಮಾಡು ಮರದ ಹಲಗೆ, ಹುಲ್ಲು, ಸೋಗೆ, ಬಿದಿರು, ಪ್ಲಾಸ್ಟಿಕ್, ಟಾರ್ಪಾಲಿನ್ ಇಂಥದ್ದರಲ್ಲಿದ್ದರೆ ಕಚ್ಚಾ. ನಮ್ಮ ಮನೆಗೆ ಮುಚ್ಚಿಗೆ ಹಲಗೆಯದ್ದು, ನಿಜ, ಆದ್ರೆ ಮೇಲಿನ ಮಾಡು ಹೆಂಚು. ಹಾಗೇ ಬರೀರಿ: "ಮುಂಭಾಗ ಮಣ್ಣಿನ ಗೋಡೆ, ಮರದ ಪಕಾಸು-ರೀಪಿನ ಮೇಲೆ ಮಂಗಳೂರು ಹೆಂಚು, ಒಳಗೆ ಹಲಗೆ ಮುಚ್ಚಿಗೆ. ಹಿಂಭಾಗ ಆರ್‌ಸಿಸಿ, 2005. ಮೇಲೆ ಒಂದು ರೂಮು, ಲೋಹದ ಶೀಟ್, 2023." ಸೋಗೆ ಹೊದಿಸಿದ ಕೊಟ್ಟಿಗೆ ಮಾತ್ರ ಕಚ್ಚಾ ಲೆಕ್ಕಕ್ಕೆ ಬರುತ್ತೆ. ಅದನ್ನ ಪಕ್ಕಾ ಕಟ್ಟಡದ ಜೊತೆ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬರೆದು ಕಂಪನಿ ಒಪ್ಪುತ್ತಾ ಕೇಳಿ. ಆರ್‌ಸಿಸಿ ಅಂತ ಬರೆದ ಮನೆಯಲ್ಲಿ ಮಾಡಿಗೆ ಬೆಂಕಿ ಹತ್ತಿ ಪಕಾಸು ಸುಟ್ಟರೆ, ಕ್ಲೇಮಿನ ಮೊದಲ ಫೋಟೋದಲ್ಲೇ ಫಾರಂ ಸುಳ್ಳು ಅಂತ ಗೊತ್ತಾಗುತ್ತೆ.

ಅಣ್ಣ, 10:03
ವಾಸಕ್ಕೆ ಮಾತ್ರ ಅಂತ ಬರೆದಿದ್ದು? ಮೇಲಿನ ರೂಮು ಶನಿವಾರ-ಭಾನುವಾರ ಬಾಡಿಗೆಗೆ ಕೊಡ್ತೀವಿ. ಅಟ್ಟದ ಮೇಲೆ ಅಡಿಕೆ ಮೂಟೆ ಇವೆ.

ಭಾವ (ಶಿವಮೊಗ್ಗ), 10:15
ಎರಡನ್ನೂ ಹೇಳಲೇಬೇಕು. ಇದು ವಾಸದ ಮನೆಯ ಪಾಲಿಸಿ. ಹೋಂಸ್ಟೇ ನಡೆಸೋದು ಬಳಕೆಯ ಬದಲಾವಣೆ, ಬರೆದು ತಿಳಿಸಿ. ಅದನ್ನು ಇದರಲ್ಲೇ ಒಪ್ಪುತ್ತಾರಾ, ಬೇರೆ ಪಾಲಿಸಿ ಮಾಡಿಸಬೇಕಾ ಅಂತ ಬರಹದಲ್ಲೇ ಉತ್ತರ ಪಡೀರಿ. ಮಾರೋ ಅಡಿಕೆ ಮನೆ ಸಾಮಾನು ಅಲ್ಲ, ದಾಸ್ತಾನು. ಅದಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಪಾಲಿಸಿ ಇದೆ. ಇದರಲ್ಲಿ ಅಡಿಕೆಗೆ ಕ್ಲೇಮ್ ಹಾಕಿದ್ರೆ ಏನೂ ಬರಲ್ಲ.

ಒಡವೆಯೂ ಮನೆ ಸಾಮಾನಿನಲ್ಲಿ ತಾನಾಗೇ ಸೇರಲ್ಲ. ಅದು ಬೇರೆ ಐಚ್ಛಿಕ ರಕ್ಷಣೆ. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪತ್ರ ಬೇಡ.

ಅಕ್ಕ (ಬೆಂಗಳೂರು), 10:31
ನನಗೆ ಹೆಚ್ಚು ಭಯ ಮನೆ ಹಿಂದಿನ ಧರೆಯದ್ದು, ಆ ಮಣ್ಣಿನ ದಿಬ್ಬದ್ದು. ರೂಮು ಕಟ್ಟುವಾಗ ಧರೆ ಕಡಿದ್ರಿ, ಆ ಮಣ್ಣನ್ನೇ ಮುಂದಿನ ಅಂಗಳಕ್ಕೆ ತುಂಬಿದ್ರಿ. ಭೂಕುಸಿತ ಈ ಪಾಲಿಸಿಯಲ್ಲಿ ಇದೆ. ಆದ್ರೆ ತುಂಬಿದ ಮಣ್ಣು ಕೂತು ಗೋಡೆ ಬಿರುಕು ಬಿಟ್ಟರೆ, ಅಗೆತದಿಂದ, ಕೆಟ್ಟ ವಿನ್ಯಾಸದಿಂದ ಕುಸಿದರೆ ಇಲ್ಲ. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಶಿರೂರು ನೋಡಿದ ಮೇಲೂ ಧರೆ ವಿಷಯ ಬರೀದೆ ಇರೋಕಾಗುತ್ತಾ? ತಡೆಗೋಡೆ, ಕಾಂಪೌಂಡ್, ಸೆಪ್ಟಿಕ್ ಟ್ಯಾಂಕು ಇವುಗಳ ಖರ್ಚು ಕಾರ್ಪೆಟ್ ಏರಿಯಾ ಲೆಕ್ಕದಲ್ಲಿ ಬರಲ್ಲ, ಹೆಚ್ಚುವರಿ ರಚನೆ ಅಂತ ಬೇರೆ ಮೊತ್ತ ಹಾಕಬೇಕು. ತಡೆಗೋಡೆಯಲ್ಲಿ ನೀರು ಹೋಗೋ ತೂತುಗಳು ಕಟ್ಟಿಕೊಂಡಿವೆಯಾ ಅಂತ ಮಳೆಗೆ ಮುಂಚೆ ನೋಡಿ ಫೋಟೋ ಇಟ್ಟುಕೋ ಅಣ್ಣ.

ಚಿಕ್ಕಪ್ಪ, 10:44
ಒಪ್ಪಿದೆ. ಅಳತೆ ಪೂರ್ತಿ ಬರೀರಿ. ನನ್ನದೂ ಒಂದು ಸೇರಿಸಿ. ರೂಮಿನ ಸಾಲ ಹೋದ ತಿಂಗಳು ತೀರಿದೆ, ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆ. ಹಾಗೇ ಬಿಟ್ಟರೆ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಸಾಲ ತೀರಿದ ಪತ್ರ ಲಗತ್ತಿಸಿ ತೆಗೆಸು. ಮನೆ ಜಂಟಿ ಆಸ್ತಿ, ನಿನ್ನೊಬ್ಬನ ಹೆಸರಿದ್ದರೆ ಸಾಲದು, ಪಾಲುದಾರರೆಲ್ಲರ ಹೆಸರು ಹಾಕಿಸು. 9-11ನ್ನೂ ತಿದ್ದುಪಡಿಗೆ ಕೊಡೋಣ. ಕಂದಾಯ ಏರಿದ್ರೆ ಕಟ್ಟೋಣ.

ಭಾವ (ಶಿವಮೊಗ್ಗ), 10:52
ತುಂಬ ಒಳ್ಳೇದು ಮಾವ. ಫಾರಂ ಜೊತೆ ನಕ್ಷೆ, ನಾಲ್ಕೂ ದಿಕ್ಕಿನ ಫೋಟೋ, ಮಾಡಿನ ಒಳಗಿನ ಫೋಟೋ ಇಮೇಲ್ ಮಾಡಿ. ಏಜೆಂಟರ ಹತ್ರ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಪಾಲಿಸಿ ಕೈಗೆ ಬಂದ ದಿನವೇ ಅದರ ವಿವರ ಪುಟದಲ್ಲಿ (ಷೆಡ್ಯೂಲ್) 171.4 ಅಂತ ಇದೆಯಾ, ಮಾಡಿನ ವಿವರ ಇದೆಯಾ ನೋಡಿ, ತಪ್ಪಿದ್ದರೆ ಅವತ್ತೇ ತಿದ್ದಿಸಿ. ಹಬ್ಬ ಮುಗಿಸಿ ನೀವೆಲ್ಲ ಬೆಂಗಳೂರಿಗೆ ಹೋಗಿ ತಿಂಗಳಿಗಿಂತ ಹೆಚ್ಚು ಬೀಗ ಹಾಕೋದಾದರೆ ಅದನ್ನೂ ಮೊದಲೇ ಬರೆದು ತಿಳಿಸಿ.

ಅಣ್ಣ, 10:58
ಕಳ್ಳತನ ಇದರಲ್ಲಿ ಇಲ್ವಾ?

ಭಾವ (ಶಿವಮೊಗ್ಗ), 11:01
ಬೆಂಕಿ, ನೆರೆ, ಕುಸಿತ ಇಂಥ ಘಟನೆಯ ಕಾರಣಕ್ಕೆ, ಅದಾದ 7 ದಿನದೊಳಗೆ ಕಳವಾದರೆ ಮಾತ್ರ. ಮಾಮೂಲಿ ಕನ್ನಗಳ್ಳತನಕ್ಕೆ ಬೇರೆ ರಕ್ಷಣೆ ತಗೋಬೇಕು. ಸಿಡಿಲಿನ ದಿನ ಇನ್ವರ್ಟರ್, ಪಂಪಿನ ಒಳಗೆ ಶಾರ್ಟ್ ಆಗಿ ಅದೇ ಸುಟ್ಟರೂ ಇದರಲ್ಲಿ ಬರಲ್ಲ. ಅದರಿಂದ ಬೆಂಕಿ ಹರಡಿ ಮನೆ ಸುಟ್ಟರೆ ಮನೆಗೆ ಬರುತ್ತೆ.

ಅಣ್ಣ, 11:06
ಸರಿ. ಇವತ್ತು ಕಳಿಸಲ್ಲ. ಮಧ್ಯಾಹ್ನ ಜಗಲಿ, ಉಗ್ರಾಣ, ಕೊಟ್ಟಿಗೆ ಮತ್ತೊಮ್ಮೆ ಅಳೆದು ಹೊಸ ಫಾರಂ ಇಲ್ಲೇ ಹಾಕ್ತೀನಿ.