ಸಹಾಯ ಬೇಕು: ತೊಟ್ಟಿ ಮನೆ ಮ್ಯೂಸಿಯಂಗೆ ವೀಲ್‌ಚೇರ್ ಹತ್ತುವ ದಾರಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಳೇ ತೊಟ್ಟಿ ಮನೆಯಲ್ಲಿ ನೇಗಿಲು, ಕೊಳಗ, ಬೀಸುಕಲ್ಲು, ತಾಳೆಗರಿ ಇಟ್ಟು ಪುಟ್ಟ ಮ್ಯೂಸಿಯಂ ನಡೆಸುತ್ತಿದ್ದೇವೆ. ಹೋದ ವಾರ ವೀಲ್‌ಚೇರ್‌ನಲ್ಲಿ ಬಂದ ಅಜ್ಜಿಯೊಬ್ಬರು ಜಗಲಿಯ ಕೆಳಗೇ ಉಳಿದು, ಮೊಮ್ಮಗಳು ಮೊಬೈಲಲ್ಲಿ ತೆಗೆದು ತಂದ ಫೋಟೋ ನೋಡಿ ಹೋದರು. ಅವತ್ತಿನಿಂದ ನನಗೆ ಸಮಾಧಾನವೇ ಇಲ್ಲ.

ಜಗಲಿ 18 ಇಂಚು ಎತ್ತರ. ಒಂದು ಇಂಚು ಏರಲು 12 ಇಂಚು ಉದ್ದ ಎಂಬ ಲೆಕ್ಕದಲ್ಲಿ 18 ಅಡಿ ರ‍್ಯಾಂಪ್ ಬೇಕು. ಅಂಗಳ ಇರುವುದೇ 14 ಅಡಿ. ತಿರುವು ಕೊಟ್ಟು ಕಟ್ಟಿಸುವುದಾ, ಬಿಚ್ಚಿಡುವ ಕಬ್ಬಿಣದ್ದು ಆಗುತ್ತದಾ? ಹಳೇ ಹೊಸ್ತಿಲು ಕೊಯ್ಯಲು ಮನಸ್ಸಿಲ್ಲ. ಅದರ ಎರಡೂ ಬದಿಗೆ ಮರದ ಇಳಿಜಾರು ಇಟ್ಟು ನೋಡಿದವರಿದ್ದರೆ ದಯವಿಟ್ಟು ಹೇಳಿ.

ಕಣ್ಣು ಕಾಣದವರಿಗೆ ಬೀಸುಕಲ್ಲು, ಕೊಳಗ ಮುಟ್ಟಿ ನೋಡಲು ಬಿಡುತ್ತೇವೆ (ತಾಳೆಗರಿ ಮಾತ್ರ ಆಗದು). ಕನ್ನಡ ಬ್ರೈಲ್ ಫಲಕ ಮಾಡಿಕೊಡುವವರು ಗೊತ್ತಿದ್ದರೆ ತಿಳಿಸಿ.