ಮುಳ್ಳಿನ ಮೊನೆ ಒಳಗೆ ಉಳಿಯಬಾರದು ಪುಟ್ಟಿ

ಪುಟ್ಟಿ, ಬಿಕಾನೇರ್ ಕ್ವಾರ್ಟರ್ಸ್ ಹಿಂದಿನ ಮುಳ್ಳುಗಿಡ ಮಗುವಿನ ಕಾಲಿಗೆ ಚುಚ್ಚಿತು, ಅದು ಯಾವ ಗಿಡ, ವಿಷವಾ ಅಂತ ಕೇಳಿದ್ದೀಯ. ಫೋಟೋ ನೋಡಿದೆ. ಗಾಬರಿ ಬೇಡ. ಮೊದಲು ಮುಳ್ಳು ಪೂರ್ತಿ ಬಂದಿದೆಯಾ ನೋಡು. ಮೊನೆ ಒಳಗೆ ಉಳಿಯಬಾರದು.

ನನ್ನ ಎಡಗಾಲಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಜೈಸಲ್ಮೇರ್ ಪೋಸ್ಟಿಂಗ್‌ನಲ್ಲಿದ್ದಾಗ ವಿಲಾಯತಿ ಬಬೂಲ್ ಮುಳ್ಳು ಬೂಟಿನ ತಳ ತೂರಿ ಹಿಮ್ಮಡಿಗೆ ಹೊಕ್ಕಿತು. ನಮ್ಮ ಕಡೆಯ ಬಳ್ಳಾರಿ ಜಾಲಿ ಅಂದರೆ ಅದೇ. ಕಿತ್ತು ಎಸೆದು ಡಾಕ್ಟರಿಗೂ ತೋರಿಸಿದೆ. ಅವರು ಮೇಲಿಂದ ಒತ್ತಿ, ಏನೂ ಇಲ್ಲ ಅಂತ ಮುಲಾಮು ಕೊಟ್ಟು ಕಳಿಸಿದರು. ಆಮೇಲೆ ಹಿಮ್ಮಡಿ ಊದಿತು, ಕೀವು ಕಟ್ಟಿತು, ಕಾಲೂರಲು ಆಗಲಿಲ್ಲ. ಬೇರೆ ಡಾಕ್ಟರು ಕುಯ್ದಾಗ ಅಕ್ಕಿಕಾಳಿನಷ್ಟು ಕಪ್ಪು ಮೊನೆ ಹೊರಗೆ ಬಂತು. ಚಳಿ ಬಿದ್ದರೆ ಇವತ್ತಿಗೂ ಆ ಜಾಗ ಸೆಳೆಯುತ್ತದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಮೊನೆ ಒಳಗೆ ಉಳಿಯಬಾರದು.

ಆ ಜಾಲಿ ರಾಜಸ್ಥಾನದ ಮರುಭೂಮಿಯದ್ದೇ ಅಲ್ಲ. ಅಮೆರಿಕ ಖಂಡದ್ದು. ಸೌದೆ ಸಿಗುತ್ತದೆ, ಮರಳು ನಿಲ್ಲುತ್ತದೆ ಅಂತ ತಂದರು. 1940ರಲ್ಲಿ ಜೋಧಪುರ ಸಂಸ್ಥಾನದಲ್ಲಿ ಅದಕ್ಕೆ ರಾಜವೃಕ್ಷದ ಪಟ್ಟ ಬೇರೆ! ಈಗ ಮೇವಿನ ಹುಲ್ಲನ್ನೂ ಬೆಳೆಯಲು ಬಿಡುವುದಿಲ್ಲ. ಅಲ್ಲಿಯ ಖೇಜ್ರಿ, ಅಂದರೆ ನಾವು ದಸರೆಗೆ ಪೂಜಿಸುವ ಬನ್ನಿ, 1983ರಿಂದ ರಾಜಸ್ಥಾನದ ರಾಜ್ಯವೃಕ್ಷ. ಸೋಲಾರ್ ಪ್ಲಾಂಟ್ ಹಾಕಬೇಕು ಅಂತ ಅದನ್ನೇ ಕಡಿಯುತ್ತಾರೆ. ಹೊಟ್ಟೆ ಉರಿಯುತ್ತದೆ ನನಗೆ.

ಹಾಂ, ನಿನ್ನ ಗಿಡ. ಎಲೆಯೇ ಇಲ್ಲದ ಹಸಿರು ಕಡ್ಡಿಗಳ ಪೊದೆ, ಅಲ್ವಾ? ಚಿಕ್ಕ ಮುಳ್ಳುಗಳು ಜೋಡಿ ಜೋಡಿಯಾಗಿದ್ದರೆ ಅದು ಕೇರ್, ಆ ಮಣ್ಣಿನದ್ದೇ ಗಿಡ. ಹೂವು ಕೆಂಪು. ದುಂಡನೆ ಹಸಿರು ಕಾಯಿ, ಹಣ್ಣಾದರೆ ಅದೂ ಕೆಂಪು. ವಿಷದ ಭಯ ಬೇಡ. ಆ ಕಾಯನ್ನೇ ಉಪ್ಪುನೀರಲ್ಲಿ ನೆನೆಸಿ ಅಲ್ಲಿಯವರು ಉಪ್ಪಿನಕಾಯಿ ಹಾಕುತ್ತಾರೆ, ಪಲ್ಯ ಮಾಡುತ್ತಾರೆ. ಹುಣಸೆಯಂಥ ಸಣ್ಣ ಎಲೆ, ನೆಟ್ಟನೆ ಉದ್ದ ಮುಳ್ಳು ಇದ್ದರೆ ಮಾತ್ರ ಜಾಲಿ.

ಗಾಯವನ್ನು ಸೋಪು ನೀರಿನಲ್ಲಿ ತೊಳಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಆಗಿದೆಯಾ ಲಸಿಕೆ ಕಾರ್ಡ್ ನೋಡು. ಒತ್ತಿದರೆ ನೋವು, ಊತ ಇದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗು. ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಮಾಡಿಸಬೇಕಾ ಅಂತ ನೀನೇ ಕೇಳು. ಅಳಿಯಂದಿರಿಗೆ ಹೇಳಿ ಒಂದು ಕಡ್ಡಿಯ ಫೋಟೋ ಹತ್ತಿರದಿಂದ ತೆಗೆಸಿ ಕಳಿಸು, ಮುಳ್ಳು ಚೆನ್ನಾಗಿ ಕಾಣಬೇಕು.