ವೆಬ್‌ಸೈಟ್ ಇದೆ, ಆರ್ಡರ್ ಇಲ್ಲ: ತಪ್ಪು ಎಲ್ಲಿದೆ?

ಪ್ರಶ್ನೆ (ಸೀರೆ ಅಂಗಡಿ, ಇಳಕಲ್):
ಮೇಡಂ, ನಮಸ್ಕಾರ. ಹೋದ ವರ್ಷ ನಮ್ಮ ಅಂಗಡಿಗೆ ವೆಬ್‌ಸೈಟ್ ಮಾಡಿಸಿದೆವು. ಮೇಲೆ ದೊಡ್ಡ ಫೋಟೋಗಳು ಓಡುತ್ತವೆ, ಕೆಳಗೆ ಅಂಗಡಿಯ ಇತಿಹಾಸ, ಆಮೇಲೆ 40 ಸೀರೆಗಳ ಫೋಟೋ. ನೋಡೋಕೆ ಚೆನ್ನಾಗಿದೆ, ಆದರೆ ಫೋನ್ ಬರುವುದೇ ಅಪರೂಪ. ಲಿಂಕ್ ನಿಮಗೆ ಕಳಿಸಿದ್ದೇನೆ. ಜಾಹೀರಾತು ಕೊಡಬೇಕಾ?

ಉತ್ತರ (ವೆಬ್ ಡಿಸೈನರ್, ಬೆಳಗಾವಿ):
ಅಣ್ಣಾರೇ, ಜಾಹೀರಾತಿಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಸೈಟನ್ನು ಮೊಬೈಲ್‌ನಲ್ಲಿ ತೆಗೆದು ನೋಡಿದೆ. ಅದು ತೆರೆಯುವುದೇ ತಡ. ಒಂದೊಂದು ಫೋಟೋ 4 ಎಂಬಿ ಹತ್ತಿರ ಇದೆ. ಅಂಥವು 40 ಅಂದರೆ 160 ಎಂಬಿ! ಬಸ್ಸಲ್ಲಿ ಕೂತು ನೋಡುವವರು ಅಷ್ಟು ಹೊತ್ತು ಕಾಯಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಫೋಟೋವನ್ನು ಹಗುರ ಮಾಡುವ ವೆಬ್‌ಪಿ ಮಾದರಿಗೆ ಬದಲಿಸಿದರೆ ಒಂದೊಂದು ಫೋಟೋ ಸುಮಾರು 200 ಕೆಬಿಗೆ ಬರುತ್ತದೆ. ಮೇಲೆ ಓಡುವ ಸ್ಲೈಡರ್ ತೆಗೆದುಬಿಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಹಾಕಿದರೆ ಯಾವುದು ಭಾರ ಅಂತ ಅದೇ ಹೇಳುತ್ತದೆ. ಅದು ಉಚಿತ.

ಆದರೆ ನನಗೆ ಜಾಸ್ತಿ ಬೇಸರವಾದದ್ದು ಬೇರೆ. ಅಂಗಡಿಗೆ ಗಿರಾಕಿ ಬಂದರೆ ನೀವು ಮೊದಲು ಸೆರಗು ಬಿಚ್ಚಿ ತೋರಿಸುತ್ತೀರಿ, ಅಲ್ವಾ? ಸೈಟ್‌ನಲ್ಲಿ ಮಾತ್ರ ಮಡಚಿಟ್ಟ ಸೀರೆ, ಅದೂ ಟ್ಯೂಬ್‌ಲೈಟ್ ಬೆಳಕಲ್ಲಿ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಇಳಕಲ್ ಸೀರೆಯ ಗುರುತೇ ಅದು. ಅದರ ಹತ್ತಿರದ ಫೋಟೋ ಒಂದೂ ಇಲ್ಲ. ಹಗಲು ಬೆಳಕಲ್ಲಿ ಪ್ರತಿ ಸೀರೆಗೂ ಮೂರು ಫೋಟೋ ತೆಗೆಯಿರಿ: ಒಡಲು, ದಡಿ, ಕೆಂಪಿನ ಮೇಲೆ ಬಿಳಿ ವಿನ್ಯಾಸದ ಟೋಪ್ ತೆನಿ ಸೆರಗು.

ಫೋಟೋ ಕೆಳಗೆ "ಇಳಕಲ್ ಸೀರೆ 17" ಅಂತ ಮಾತ್ರ ಇದೆ. ಪುಣೆಯಲ್ಲಿ ಕೂತವರಿಗೆ ಅದರಿಂದ ಏನು ತಿಳಿಯಬೇಕು? ಒಡಲು ಹತ್ತಿಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆ), ಅಸಲಿ ರೇಷ್ಮೆಯೋ? ಆರು ವಾರಿಯೋ, ಒಂಬತ್ತು ವಾರಿಯೋ? ಕೈಮಗ್ಗದ್ದೋ, ಪವರ್‌ಲೂಮಿನದೋ? ಬೆಲೆ ಎಷ್ಟು, ಕಳಿಸಿಕೊಡುತ್ತೀರಾ? ಇಷ್ಟನ್ನೂ ಪ್ರತಿ ಸೀರೆ ಕೆಳಗೆ ಬರೆಯಿರಿ. ಅಂಗಡಿಯ ಇತಿಹಾಸ ಬೇರೆ ಪುಟದಲ್ಲಿರಲಿ.

ಇನ್ನು, ನಿಮ್ಮ ಫೋನ್ ನಂಬರ್ ಒಂದು ಚಿತ್ರದ ಒಳಗಿದೆ. ಒತ್ತಿದರೆ ಕರೆ ಹೋಗಲ್ಲ. ಅದನ್ನು ಅಕ್ಷರದಲ್ಲಿ ಬರೆಸಿ, ಲಿಂಕ್ ಕೊಡಿಸಿ. ಪ್ರತಿ ಸೀರೆಗೂ ವಾಟ್ಸಾಪ್ ಬಟನ್ ಇಡಿಸಿ. ಒತ್ತಿದ ಕೂಡಲೇ ಆ ಸೀರೆಯ ನಂಬರ್ ಸಂದೇಶದಲ್ಲಿ ತಾನೇ ಬರುವ ಹಾಗೆ ಮಾಡಬಹುದು.

ಮರುಪ್ರಶ್ನೆ (ಇಳಕಲ್):
ಎಲ್ಲಾ ಸರಿ ಮೇಡಂ. ಆದರೆ ರೇಟ್ ಹಾಕಿದರೆ ಪಕ್ಕದ ಅಂಗಡಿಯವರು ನೋಡಿ ಇಳಿಸಲ್ವಾ?

ಉತ್ತರ:
ಪಕ್ಕದವರಿಗೆ ನಿಮ್ಮ ರೇಟ್ ಆಗಲೇ ಗೊತ್ತಿರುತ್ತದೆ. ಗೊತ್ತಿಲ್ಲದವರು ಗಿರಾಕಿ ಮಾತ್ರ. ಬೆಲೆ ಕಾಣದಿದ್ದರೆ ಎಷ್ಟೋ ಜನ ಕೇಳೋಕೆ ಸಂಕೋಚಪಟ್ಟು ಮುಂದಿನ ಸೈಟಿಗೆ ಹೋಗುತ್ತಾರೆ. ನೂಲಿನ ದರ ಏರಿಳಿದರೆ "ಇಷ್ಟರಿಂದ ಶುರು" ಅಂತ ಹಾಕಿ. ಅಷ್ಟಾದರೂ ಬೇಕೇ ಬೇಕು.

ಪ್ರಶ್ನೆ (ಒಣದ್ರಾಕ್ಷಿ ವ್ಯಾಪಾರ, ವಿಜಯಪುರ):
ನಮ್ಮ ಸೈಟ್‌ನಲ್ಲಿ ಕನ್ನಡ ಇದೆ, ಆದರೆ ಫೋನಲ್ಲಿ ಏನೇನೋ ಚಿಹ್ನೆ ಕಾಣುತ್ತವೆ. ಹುಡುಕಿದರೂ ಸಿಗಲ್ಲ.

ಉತ್ತರ:
ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದ ಹಾಗಿದೆ. ಆ ಫಾಂಟ್ ಇಲ್ಲದ ಫೋನಲ್ಲಿ ಅದು ಕನ್ನಡವಾಗಿ ಕಾಣಲ್ಲ, ಗೂಗಲ್ ಕೂಡ ಕನ್ನಡ ಅಂತ ಓದಲ್ಲ. ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿಸಿ. ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಟೈಪಿಂಗ್ ಇದೆ. ಊರ ಹೆಸರು ಅಧಿಕೃತವಾಗಿ 2014ರಲ್ಲಿ ಬದಲಾದರೂ ಹೊರಗಿನವರು ಇನ್ನೂ ಬಿಜಾಪುರ ಅಂತಲೇ ಹುಡುಕುತ್ತಾರೆ. ವಿಳಾಸದಲ್ಲಿ ಎರಡೂ ಹೆಸರು ಇರಲಿ.

ಪ್ರಶ್ನೆ (ಫರ್ನಿಚರ್ ಅಂಗಡಿ, ಬಾಗಲಕೋಟೆ):
ಸೈಟ್ ತೆರೆದರೆ "ಸುರಕ್ಷಿತವಲ್ಲ" ಅಂತ ಬರುತ್ತದೆ. ಮಾಡಿಕೊಟ್ಟ ಹುಡುಗ ಫೋನ್ ಎತ್ತುತ್ತಿಲ್ಲ.

ಉತ್ತರ:
ಸೈಟ್ ಮತ್ತು ಗಿರಾಕಿ ನಡುವಿನ ಮಾಹಿತಿಯನ್ನು ಗುಪ್ತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಇಲ್ಲ ಅಥವಾ ಅದರ ಅವಧಿ ಮುಗಿದಿದೆ. ಪ್ರಮಾಣಪತ್ರ ಇಲ್ಲದ ಸೈಟ್‌ಗಳಿಗೆ 2018ರಿಂದ ಕ್ರೋಮ್ ಬ್ರೌಸರ್ ಹೀಗೇ ತೋರಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ. ಆದರೆ ಅದಕ್ಕೂ ಮುಂಚೆ ಡೊಮೇನ್, ಅಂದರೆ ಸೈಟ್‌ನ ವಿಳಾಸ, ಯಾರ ಹೆಸರಲ್ಲಿದೆ ನೋಡಿ. ಹುಡುಗನ ಹೆಸರಲ್ಲಿದ್ದು ಅವಧಿಯೊಳಗೆ ನವೀಕರಣ ಆಗದಿದ್ದರೆ ನಿಮ್ಮ ಸೈಟ್ ವಿಳಾಸವೇ ಬೇರೆಯವರ ಪಾಲಾಗಬಹುದು. ಮನೆಗೆ ಹೋಗಿಯಾದರೂ ಭೇಟಿ ಮಾಡಿ, ಡೊಮೇನ್ ಮತ್ತು ಹೋಸ್ಟಿಂಗ್ (ಸೈಟ್‌ನ ಫೈಲ್‌ಗಳನ್ನು ಇಟ್ಟಿರುವ ಬಾಡಿಗೆ ಜಾಗ) ಎರಡನ್ನೂ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿಗೆ ಬದಲಿಸಿಕೊಳ್ಳಿ. ಬಾಕಿ ಹಣ ಏನಾದರೂ ಇದ್ದರೆ ಮೊದಲು ಕೊಟ್ಟುಬಿಡಿ.